ಪ್ಲೇಗಿನ ವರ್ಷದಿಂದ ಬೀಗ ಬಿದ್ದಿರುವ ಉಗ್ರಾಣವನ್ನು ತೆರೆಯಬಹುದೇ?

ಪ್ರಶ್ನೆ: ಬೆಂಗಳೂರಿನ ಚಿಕ್ಕಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮ ಹಿರೀಕರ ಮನೆ ಇದೆ. ಮಣ್ಣಿನ ಗೋಡೆ, ನಾಡಹೆಂಚು, ನಡುವೆ ತೊಟ್ಟಿ. ಹಿಂಬದಿಯ ಉಗ್ರಾಣಕ್ಕೆ ನಾನು ಹುಟ್ಟುವ ಮೊದಲಿನಿಂದಲೂ ಬೀಗ. ನನ್ನ ಮುತ್ತಜ್ಜನ ಇಬ್ಬರು ತಮ್ಮಂದಿರು ಅಲ್ಲಿ ಮಲಗುತ್ತಿದ್ದರಂತೆ, ಪ್ಲೇಗಿನಲ್ಲಿ ಒಬ್ಬರ ಹಿಂದೊಬ್ಬರು ಹೋದರಂತೆ. ಈಗ ಮನೆ ರಿಪೇರಿಗೆ ಕೈ ಹಾಕಿದ್ದೇವೆ. ಎಂಬತ್ತೆಂಟು ವರ್ಷದ ನಮ್ಮ ಸೋದರತ್ತೆ ಮಾತ್ರ, "ಇಲಿ ಬಿದ್ದ ಕೋಣೆ ಕಣೋ ಅದು, ಬಾಗಿಲು ತೆಗೀಬೇಡ" ಎಂದು ಪಟ್ಟು ಹಿಡಿದಿದ್ದಾರೆ. ಹಳೆಯ ಮರಣ ದಾಖಲೆಯ ನಕಲು ತೆಗೆಸಿದೆ. 1903ರ ಅಕ್ಟೋಬರಿನಲ್ಲಿ, ಐದು ದಿನದ ಅಂತರದಲ್ಲಿ ಇಬ್ಬರ ಹೆಸರೂ ಇದೆ. ವಯಸ್ಸು 24 ಮತ್ತು 19. ಕಾರಣ ಎಂಬಲ್ಲಿ ಬರೀ 'ಜ್ವರ'. ಪ್ಲೇಗ್ ಎಂಬ ಮಾತೇ ಇಲ್ಲ. ಕಿರಿಯವನು ಸತ್ತದ್ದು ಸರ್ಕಾರದವರು ಚುಚ್ಚಿದ ಸೂಜಿಯಿಂದ, ಅದನ್ನು ಮುಚ್ಚಲು 'ಜ್ವರ' ಎಂದು ಬರೆದರು ಎಂಬ ಮಾತೂ ಮನೆಯಲ್ಲಿದೆ. ಆರುನೂರು ವರ್ಷ ಹಳೆಯ ಹಲ್ಲಿನಲ್ಲಿ ಪ್ಲೇಗಿನ ರೋಗಾಣು ಸಿಕ್ಕಿತೆಂದು ಎಲ್ಲೋ ಓದಿದ ಮೇಲೆ ನನಗೂ ಅಳುಕು. ಕೋಣೆ ತೆರೆಯಬಹುದೇ? ದಾಖಲೆ ಸುಳ್ಳೇ? ಸೂಜಿಯ ಕಥೆ ನಿಜವೇ?

ಉತ್ತರ: ಮೊದಲು ಬಾಗಿಲಿನ ವಿಷಯ ಮುಗಿಸೋಣ, ಮೇಸ್ತ್ರಿ ಕಾಯುತ್ತಿರಬಹುದು. ತೆರೆಯಿರಿ. ಆ ಕೋಣೆಯಲ್ಲಿ 1903ರ ಪ್ಲೇಗ್ ಉಳಿದಿಲ್ಲ, ಉಳಿಯುವುದು ಸಾಧ್ಯವೂ ಇಲ್ಲ. ಹೇಗೆ ತೆರೆಯಬೇಕು ಎಂಬುದಕ್ಕೆ ಮಾತ್ರ ಒಂದಿಷ್ಟು ಜಾಗ್ರತೆ ಬೇಕು. ಅದರ ಕಾರಣ ಬೇರೆ, ಕೊನೆಗೆ ಹೇಳುತ್ತೇನೆ.

ಪ್ಲೇಗಿನ ಬ್ಯಾಕ್ಟೀರಿಯಾ ಯೆರ್ಸಿನಿಯಾ ಪೆಸ್ಟಿಸ್ ಬಹಳ ನಾಜೂಕಿನ ಜೀವಿ. ಬಿಸಿಲು ತಾಗಿದರೆ, ಒಣಗಿದರೆ ಬೇಗ ಸಾಯುತ್ತದೆ. ಬಯಲಲ್ಲಿ ಬಿದ್ದರೆ ಅದರ ಆಯುಷ್ಯ ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಮುಗಿಯುತ್ತದೆ. ತಂಪು ಮಣ್ಣಿನಲ್ಲಿ, ಸತ್ತ ಪ್ರಾಣಿಯ ಅಂಗಾಂಶದಲ್ಲಿ ಸ್ವಲ್ಪ ಹೆಚ್ಚು ಕಾಲ ತಾಳುತ್ತದೆ. ಚಿಗಟದ ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಇರಬಲ್ಲದು. ಆದರೆ ಚಿಗಟಕ್ಕೂ ರಕ್ತ ಬೇಕಲ್ಲ? ಇಲಿಯಿಲ್ಲದ, ಮನುಷ್ಯರಿಲ್ಲದ ಕೋಣೆಯಲ್ಲಿ ಅದು ಹಸಿವಿನಿಂದಲೇ ಸಾಯುತ್ತದೆ. ನಿಮ್ಮ ಉಗ್ರಾಣ ಪ್ಲೇಗಿನ ಮಟ್ಟಿಗೆ ಅಪಾಯಕಾರಿಯಾಗಿದ್ದದ್ದು 1903ರ ಆ ಚಳಿಗಾಲದವರೆಗೆ, ಬಹಳವೆಂದರೆ ಮುಂದಿನ ವರ್ಷದವರೆಗೆ.

ನೀವು ಓದಿದ ಹಲ್ಲಿನ ಸುದ್ದಿ ನಿಜ. ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಎಂಬಲ್ಲಿ ಹದಿನಾಲ್ಕನೇ ಶತಮಾನದ ಪ್ಲೇಗ್ ಸಮಾಧಿಗಳಿವೆ. ಅಲ್ಲಿನ ಹಲ್ಲುಗಳಿಂದ ಈ ರೋಗಾಣುವಿನ ವಂಶವಾಹಿ ನಕ್ಷೆಯನ್ನು 2011ರಲ್ಲಿ ಜೋಡಿಸಿದರು. ಅವರಿಗೆ ಸಿಕ್ಕಿದ್ದು ಜೀವಂತ ರೋಗಾಣುವಲ್ಲ, ಚೂರುಚೂರಾದ ಡಿಎನ್‌ಎ. ಹಳೇ ಜಾತಕ ಸಿಕ್ಕಿತೆಂದರೆ ಅದರ ಯಜಮಾನ ಒಳಗೆ ಕೂತಿದ್ದಾನೆ ಎಂದಲ್ಲವಲ್ಲ.

ಇನ್ನು ದಾಖಲೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕುತೂಹಲ ತಂದದ್ದು ಅದೇ. ನನ್ನ ನೌಕರಿಯ ಬಹುಪಾಲು ಕಳೆದದ್ದು ಇಂಥ ಪಟ್ಟಿಗಳ ಜೊತೆಗೆ, ಯಾವ ಊರಲ್ಲಿ ಎಷ್ಟು ಜ್ವರ, ಎಷ್ಟು ಭೇದಿ, ಎಷ್ಟು ಸಾವು ಎಂದು ವಾರವಾರವೂ ಕೂಡಿಸುವುದರಲ್ಲಿ.

'ಜ್ವರ' ಎಂದು ಬರೆದದ್ದರ ಹಿಂದೆ ಸಂಚು ಇರಬೇಕಾಗಿಲ್ಲ. ಆಗಿನ ಮರಣ ಪುಸ್ತಕಗಳಲ್ಲಿ ಕಾರಣಗಳಿಗೆ ಕೆಲವೇ ಮನೆಗಳಿದ್ದವು: ಕಾಲರಾ, ಸಿಡುಬು, ಪ್ಲೇಗ್, ಜ್ವರ, ಭೇದಿ, ಶ್ವಾಸದ ಕಾಯಿಲೆ, ಗಾಯ, ಇತರೆ. ಇಡೀ ದೇಶದ ಸಾವುಗಳಲ್ಲಿ ಸಿಂಹಪಾಲು 'ಜ್ವರ'ದ ಮನೆಗೇ ಬೀಳುತ್ತಿತ್ತು. ಮಲೇರಿಯಾ, ಟೈಫಾಯಿಡ್, ನ್ಯುಮೋನಿಯಾ, ಬಾಣಂತಿ ಸನ್ನಿ, ಹೆಸರಿಲ್ಲದ ಎಷ್ಟೋ ಸೋಂಕು, ಎಲ್ಲವೂ ಅಲ್ಲೇ. ಬರೆಯುವವನು ಗುಮಾಸ್ತ, ಹೇಳುವವರು ಮನೆಯವರು. ನಡುವೆ ವೈದ್ಯರು ನಾಡಿ ಹಿಡಿದು ನೋಡಿದ ಸಾವುಗಳು ಬಹಳ ಕಡಿಮೆ. ನಗಬೇಡಿ, ಇಂದಿಗೂ ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸುವುದು ಕಾಲು ಭಾಗಕ್ಕಿಂತ ಕಡಿಮೆ. ನಾನು ಮೊದಲು ಕೆಲಸಕ್ಕೆ ಸೇರಿದ ತಾಲ್ಲೂಕಿನಲ್ಲಿ ಒಂದು ಇಡೀ ವರ್ಷದ ಪುಸ್ತಕ ತೆರೆದರೆ 'ವಯಸ್ಸು' ಮತ್ತು 'ಹೃದಯ ನಿಂತಿತು' ಎಂಬ ಎರಡೇ ಕಾರಣಗಳಿದ್ದವು. ಹೃದಯ ನಿಲ್ಲದೆ ಯಾರು ಸಾಯುತ್ತಾರೆ ಹೇಳಿ.

ಆದರೂ ಒಂದು ಸೂಕ್ಷ್ಮವಿದೆ. ಕಾಲರಾ ಮತ್ತು ಸಿಡುಬು ಅಕ್ಷರ ಬಾರದವರ ಕಣ್ಣಿಗೂ ಕಾಣುತ್ತಿದ್ದ ರೋಗಗಳು. ವಾಂತಿಭೇದಿ ಯಾವುದು, ಮೈಮೇಲೆ ಅಮ್ಮ ಎದ್ದದ್ದು ಯಾವುದು ಎಂದು ಅಜ್ಜಿಯರಿಗೆ ಗೊತ್ತಿತ್ತು. ಹಾಗಾಗಿ ಆ ಎರಡರ ಲೆಕ್ಕ ಒಂದು ಮಟ್ಟಿಗೆ ನಂಬಬಹುದಾದದ್ದು. ಪ್ಲೇಗೂ ಕಣ್ಣಿಗೆ ಕಾಣುತ್ತಿತ್ತು. ತೊಡೆಸಂದಿನಲ್ಲೋ ಕಂಕುಳಲ್ಲೋ ಕತ್ತಿನಲ್ಲೋ ಗಡ್ಡೆ ಏಳುತ್ತಿತ್ತು. ಆದರೆ ಅದನ್ನು ಹೇಳಿದರೆ ಮನೆಯವರಿಗೆ ಏನಾಗುತ್ತಿತ್ತು ಎಂಬುದನ್ನು ನೋಡಬೇಕು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನ ಹಾದಿಯಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 1896ರಲ್ಲಿ, ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೋ ವೀಗಾಸ್ ಅದನ್ನು ಗುರುತಿಸಿದ್ದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಮನೆ ಶೋಧ, ರೋಗಿಯನ್ನು ಎತ್ತಿಕೊಂಡು ಹೋಗುವುದು, ಸಾಮಾನು ಸುಡುವುದು, ರೈಲಿನಲ್ಲಿ ಬಂದವರನ್ನು ತಡೆದು ಪರೀಕ್ಷಿಸುವುದು, ಪ್ಲೇಗ್ ಪಾಸ್ ಕೊಟ್ಟು ಹತ್ತು ದಿನ ಹಾಜರಿ ಹಾಕಿಸುವುದು ಎಲ್ಲ ಶುರುವಾಯಿತು. ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿದ್ದು, ಅದರ ಸಿಟ್ಟಿಗೆ 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟು ತಿಂದು, ಅದರಿಂದಲೇ ಮುಂದಿನ ತಿಂಗಳು ಸತ್ತದ್ದು ನೀವು ಶಾಲೆಯಲ್ಲಿ ಓದಿರುತ್ತೀರಿ. ಬೆಂಗಳೂರಿಗೆ ರೋಗ ಬರುವ ಮೊದಲೇ ಈ ಸುದ್ದಿಗಳು ಬಂದಿದ್ದವು. ಗಡ್ಡೆ ಎಂದರೆ ಬಂಡಿ ಬರುತ್ತದೆ, ಅಣ್ಣನನ್ನು ಊರಾಚೆಯ ಶೆಡ್ಡಿಗೆ ಒಯ್ಯುತ್ತಾರೆ, ಅಕ್ಕಪಕ್ಕದವರೂ ಮನೆ ಬಿಡಬೇಕಾಗುತ್ತದೆ, ಅಂಗಡಿ ಮುಚ್ಚುತ್ತದೆ. 'ಜ್ವರ' ಎಂದರೆ ಯಾರೂ ಬರುವುದಿಲ್ಲ. ನೀವೇ ಆ ಮನೆಯ ಯಜಮಾನರಾಗಿದ್ದರೆ ಏನು ಹೇಳುತ್ತಿದ್ದಿರಿ?

1900ರ ಸುಮಾರಿಗೆ ಸರ್ಕಾರಗಳು ಬಲವಂತವನ್ನು ಬಹುಮಟ್ಟಿಗೆ ಕೈಬಿಟ್ಟವು. ಅದರಿಂದ ರೋಗ ನಿಲ್ಲುತ್ತಿಲ್ಲ, ಜನ ಬಚ್ಚಿಡುತ್ತಾರೆ ಅಷ್ಟೇ ಎಂದು ಅವರಿಗೂ ಅರ್ಥವಾಗಿತ್ತು. ಆದರೆ ಭಯಕ್ಕೆ ಆದೇಶ ರದ್ದಾದ ಸುದ್ದಿ ಬೇಗ ಮುಟ್ಟುವುದಿಲ್ಲ. 1903ರಲ್ಲಿ ನಿಮ್ಮ ಮುತ್ತಜ್ಜ ಐದು ವರ್ಷದ ಹಿಂದಿನ ನೆನಪಿನಿಂದಲೇ ಮಾತಾಡಿರಬಹುದು. ಹಾಗಾಗಿ 'ಮುಚ್ಚಿಹಾಕಿದರು' ಎಂಬುದರಲ್ಲಿ ನಿಜವಿದ್ದರೂ ಇದ್ದೀತು. ಆದರೆ ಮುಚ್ಚಿದ್ದು ಸರ್ಕಾರವಲ್ಲ, ನಿಮ್ಮ ಮನೆಯೇ ಇರಬೇಕು.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿತ್ತು. ಊರು ಒಂದೇ, ಆಡಳಿತ ಎರಡು. ಪೇಟೆ ಮೈಸೂರು ಮಹಾರಾಜರ ಸರ್ಕಾರಕ್ಕೆ, ದಂಡು, ಅಂದರೆ ಕಂಟೋನ್ಮೆಂಟು, ಬ್ರಿಟಿಷ್ ರೆಸಿಡೆಂಟರಿಗೆ. ಇಲಿಗೆ ಈ ಗಡಿ ಗೊತ್ತಿರಲಿಲ್ಲ, ದಾಖಲೆ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಪೇಟೆಯಲ್ಲಿ ಸೋಂಕು ತಗುಲಿ ದಂಡಿನ ನೆಂಟರ ಮನೆಯಲ್ಲಿ ಸತ್ತವನು ಅವರ ಪುಸ್ತಕಕ್ಕೆ ಹೋದ. ಬೆಂಗಳೂರಿಗೆ ಮೊದಲ ಟೆಲಿಫೋನ್ ತಂತಿಗಳು ಬಂದದ್ದೂ 1898ರ ಪ್ಲೇಗ್ ಕೆಲಸಕ್ಕೆ ಸುದ್ದಿ ಸಾಗಿಸಲು. ಜನಗಣತಿಯ ಲೆಕ್ಕ ನೋಡಿದರೆ ಪೆಟ್ಟಿನ ಅಂದಾಜು ಸಿಗುತ್ತದೆ. ಪೇಟೆ, ದಂಡು ಎರಡೂ ಸೇರಿ 1891ರಲ್ಲಿ 1,80,366 ಜನ, 1901ರಲ್ಲಿ 1,59,046. ಸತ್ತವರು, ಊರು ಬಿಟ್ಟು ಹೋದವರು ಇಬ್ಬರೂ ಆ ಇಳಿಕೆಯಲ್ಲಿದ್ದಾರೆ. ಒಬ್ಬರನ್ನೊಬ್ಬರಿಂದ ಬೇರ್ಪಡಿಸುವುದು ಕಷ್ಟ.

ಹಾಗಾದರೆ ನಿಮ್ಮ ಮನೆಯ ಆ ಎರಡು ಸಾವು ಪ್ಲೇಗೇ? ನನ್ನ ತೀರ್ಮಾನ, ಬಹುಮಟ್ಟಿಗೆ ಹೌದು. ಇಬ್ಬರೂ ಗಟ್ಟಿ ಹರೆಯದವರು, ಒಂದೇ ಕೋಣೆ, ದವಸದ ಉಗ್ರಾಣ, ಐದು ದಿನದ ಅಂತರ, ಮಳೆ ತಗ್ಗಿ ಹವೆ ತಂಪಾಗಿರುವ ಅಕ್ಟೋಬರ್. ಇವೆಲ್ಲ ಸೇರಿದರೆ ಬೇರೆ ಜ್ವರಕ್ಕೆ ಹೊಂದಿಸುವುದು ಕಷ್ಟ. ಟೈಫಾಯಿಡ್ ಸಾಮಾನ್ಯವಾಗಿ ಎರಡು ಮೂರು ವಾರ ಎಳೆದು ಕೊಲ್ಲುತ್ತದೆ. ಮಲೇರಿಯಾ ಒಂದೇ ಮನೆಯ ಇಬ್ಬರು ಗಟ್ಟಿಮುಟ್ಟಾದ ಯುವಕರನ್ನು ಒಂದೇ ವಾರದಲ್ಲಿ ಒಯ್ಯುವುದು ಅಪರೂಪ. ಅದೇ ಪುಸ್ತಕದಲ್ಲಿ 1918ರ ಅಕ್ಟೋಬರ್, ನವೆಂಬರಿನಲ್ಲಿ ಇಂಥ ಜೋಡಿ ಸಾವು ಕಂಡಿದ್ದರೆ ನಾನು ಪ್ಲೇಗ್ ಎನ್ನುತ್ತಿರಲಿಲ್ಲ, ಇನ್‌ಫ್ಲುಯೆಂಜಾ ಎನ್ನುತ್ತಿದ್ದೆ. ಅದೂ ಹರೆಯದವರನ್ನೇ ಹುಡುಕಿ ಹೊಡೆದ ರೋಗ.

ಇದಕ್ಕಿಂತ ಮುಂದೆ ಹೋಗಬೇಕೆಂದರೆ ನಿಮ್ಮವರ ಎರಡು ಸಾಲನ್ನು ಬಿಟ್ಟು ಪುಟವನ್ನು ಓದಿ. ಅದೇ ಬೀದಿಯಲ್ಲಿ ಆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಎಷ್ಟು 'ಜ್ವರ'? 1896 ಮತ್ತು 1897ರ, ಅಂದರೆ ಪ್ಲೇಗಿಗೂ ಮುಂಚಿನ, ಅದೇ ತಿಂಗಳುಗಳಲ್ಲಿ ಎಷ್ಟು? ಮಾಮೂಲಿಗಿಂತ ಹೆಚ್ಚಾದ ಸಾವು ಎಷ್ಟು ಎಂದು ಕಳೆದು ನೋಡುವ ಈ ಲೆಕ್ಕವನ್ನೇ ಕೋವಿಡ್ ಕಾಲದಲ್ಲೂ ಮಾಡಿದೆವು. ಕಾರಣದ ಕಾಲಂ ಮೌನವಾಗಿದ್ದಾಗ ಒಟ್ಟು ಸಾವಿನ ಸಂಖ್ಯೆ ಮಾತಾಡುತ್ತದೆ. ಇದರಲ್ಲೂ ಎಡವಬಹುದು. ಪ್ಲೇಗಿಗೆ ಹೆದರಿ ಅರ್ಧ ಬೀದಿ ಖಾಲಿಯಾಗಿದ್ದರೆ ಸಾವಿನ ಲೆಕ್ಕವೂ ಇಳಿದು, ಏನೂ ಆಗಲಿಲ್ಲವೇನೋ ಎಂಬಂತೆ ಕಾಣುತ್ತದೆ. ಊರಾಚೆಯ ಗುಡಿಸಲಲ್ಲಿ ಸತ್ತವರು ನಿಮ್ಮ ಬೀದಿಯ ಪುಟದಲ್ಲಿ ಸಿಗುವುದೇ ಇಲ್ಲ.

ಈಗ ನಿಮ್ಮ ಸೋದರತ್ತೆಯ ಮಾತಿಗೆ ಬರೋಣ. "ಇಲಿ ಬಿದ್ದ ಕೋಣೆ." ಈ ಮೂರು ಪದಗಳಲ್ಲಿ ಆ ಕಾಲದ ಅತ್ಯುತ್ತಮ ರೋಗ ಕಣ್ಗಾವಲು ಇದೆ. ಇದನ್ನು ನಾನು ಉತ್ಪ್ರೇಕ್ಷೆಗಾಗಿ ಹೇಳುತ್ತಿಲ್ಲ.

ಸರ್ಕಾರ ಎಣಿಸುತ್ತಿದ್ದದ್ದು ಮನುಷ್ಯರನ್ನು. ಜನ ನೋಡುತ್ತಿದ್ದದ್ದು ಇಲಿಯನ್ನು. ಅಟ್ಟದಿಂದ ಇಲಿ ತೂರಾಡುತ್ತಾ ನಡುಮನೆಗೆ ಬಂದು ಬಿತ್ತು ಎಂದರೆ ಗಂಟುಮೂಟೆ ಕಟ್ಟಿ ಹೊಲದಲ್ಲೋ ತೋಪಿನಲ್ಲೋ ಗುಡಿಸಲು ಹಾಕುವುದು ನಮ್ಮ ಹಳ್ಳಿಗಳ ರೂಢಿಯಾಯಿತು. ಹಿಮಾಲಯದ ಗಢವಾಲ, ಕುಮಾವುಂ ಕಡೆಯ ಹಳ್ಳಿಗರಿಗೆ ಈ ಬುದ್ಧಿ ಇನ್ನೂ ಎಷ್ಟೋ ಮೊದಲೇ ಇತ್ತು. ವಿಜ್ಞಾನ ಏನು ಹೇಳುತ್ತಿತ್ತು? ರೋಗಾಣುವನ್ನು ಯೆರ್ಸಾಂ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ಚಿಗಟ ಎಂದು ಪೋಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಯಾರೂ ನಂಬಲಿಲ್ಲ. ಆ ಕಾಲದ ಪ್ಲೇಗ್ ಆಯೋಗವೂ ಅದನ್ನು ತಳ್ಳಿಹಾಕಿತು. ರೋಗ ಕೊಳಕು ನೆಲದಲ್ಲಿದೆ, ಗಾಳಿಯಾಡದ ಮೂಲೆಯಲ್ಲಿದೆ ಎಂದು ನಂಬಿ ಮನೆಗಳನ್ನು ತೀಕ್ಷ್ಣ ರಾಸಾಯನಿಕದಿಂದ ತೊಳೆಯುತ್ತಿದ್ದರು, ಸುಣ್ಣ ಬಳಿಸುತ್ತಿದ್ದರು, ಬಿಸಿಲು ಬೀಳಲೆಂದು ಹೆಂಚು ತೆಗೆಸುತ್ತಿದ್ದರು. ತೊಳೆತದ ಗಲಾಟೆಗೆ ಇಲಿಗಳು ಏನು ಮಾಡಿರುತ್ತವೆ ಊಹಿಸಿ. ಪಕ್ಕದ ಮನೆಗೆ, ಚಿಗಟಗಳನ್ನು ಹೊತ್ತುಕೊಂಡೇ ಹೋಗುತ್ತಿದ್ದವು.

1905ರಲ್ಲಿ ಮುಂಬಯಿಯಲ್ಲಿ ಹೊಸ ಪ್ಲೇಗ್ ಸಂಶೋಧನಾ ಆಯೋಗ ಕೆಲಸ ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಅವರ ಕೆಲಸ ಈಗ ಓದಿದರೂ ನನಗೆ ಖುಷಿ. ಊರಿನ ಇಲಿಗಳನ್ನು ಹಿಡಿಸಿ, ಯಾವ ಮನೆಯಲ್ಲಿ ಸಿಕ್ಕಿತೆಂದು ಚೀಟಿ ಕಟ್ಟಿ, ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಕೊಯ್ದು ನೋಡಿದರು. ಪ್ಲೇಗ್ ಬಂದ ಮನೆಗಳಲ್ಲಿ ಗಿನಿ ಪಿಗ್‌ಗಳನ್ನು ಬಿಟ್ಟು ಅವುಗಳ ಮೈಮೇಲೆ ಹತ್ತಿದ ಚಿಗಟ ಎಣಿಸಿದರು. ನೆಲದಿಂದ ಎರಡು ಅಡಿ ಎತ್ತರದಲ್ಲಿ ತೂಗುಬಿಟ್ಟ ಗಿನಿ ಪಿಗ್‌ಗೆ ರೋಗ ಬರಲಿಲ್ಲ. ಇಲಿಯ ಚಿಗಟ ಹಾರುವುದು ನಾಲ್ಕಾರು ಅಂಗುಲ ಅಷ್ಟೇ. ರೋಗ ಗಾಳಿಯಲ್ಲೂ ಇಲ್ಲ, ನೆಲದ ಕೊಳಕಿನಲ್ಲೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೇ?

ಅವರು ಕಂಡುಕೊಂಡ ಇನ್ನೊಂದು ಲೆಕ್ಕ ನಿಮ್ಮ ಮನೆಗೆ ನೇರವಾಗಿ ತಾಗುತ್ತದೆ. ಮೊದಲು ಚರಂಡಿಯ ದೊಡ್ಡ ಕಂದು ಇಲಿಗಳು ಸಾಯುತ್ತವೆ. ಹತ್ತು ದಿನ ಕಳೆದು ಮನೆಯ ಕಪ್ಪು ಇಲಿಗಳು. ಆಮೇಲೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಮನುಷ್ಯರು. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಇಳಿಯುತ್ತದೆ, ಇಲಿಗಳೇ ಇಲ್ಲವಾದಾಗ ಎರಡು ಮೂರು ದಿನ ಹಸಿದು ಮನುಷ್ಯನನ್ನು ಕಚ್ಚುತ್ತದೆ. ರೋಗ ಕಾಣಲು ಮೂರು ದಿನ, ಸಾವಿಗೆ ಇನ್ನೈದು ದಿನ. ಹಾಗಾಗಿ ಇಲಿ ಬಿದ್ದ ದಿನವೇ ಮನೆ ಬಿಟ್ಟವರಿಗೆ ಕೆಲವು ದಿನಗಳ ಬಿಡುವಿತ್ತು. ಸರ್ಕಾರದ ಪುಸ್ತಕಕ್ಕೆ ಸುದ್ದಿ ಮುಟ್ಟುವ ಹೊತ್ತಿಗೆ ಆ ಬಿಡುವು ಮುಗಿದಿರುತ್ತಿತ್ತು. ನಿಮ್ಮ ಮುತ್ತಜ್ಜನ ತಮ್ಮಂದಿರು ಐದು ದಿನದ ಅಂತರದಲ್ಲಿ ಸತ್ತದ್ದು ಒಬ್ಬರಿಂದೊಬ್ಬರಿಗೆ ಅಂಟಿ ಎಂದುಕೊಳ್ಳುವುದಕ್ಕಿಂತ, ಒಂದೇ ಉಗ್ರಾಣದ ಹಸಿದ ಚಿಗಟಗಳು ಇಬ್ಬರನ್ನೂ ಕಚ್ಚಿದವು ಎಂದುಕೊಳ್ಳುವುದೇ ಹೆಚ್ಚು ಸರಿ. ಗಡ್ಡೆಯ ಪ್ಲೇಗ್ ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡುವುದಿಲ್ಲ. ಶ್ವಾಸಕೋಶಕ್ಕೆ ಇಳಿದ ಪ್ಲೇಗ್ ಮಾತ್ರ ಕೆಮ್ಮಿನಿಂದ ಹರಡುತ್ತದೆ.

ನನ್ನದೇ ಒಂದು ಅನುಭವ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಗೊತ್ತಲ್ಲ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು. ಅಲ್ಲೂ ಇದೇ ಕಥೆ. ಮೊದಲು ಮಂಗ ಸಾಯುತ್ತದೆ, ಮೈಮೇಲಿನ ಉಣುಗು ಉದುರುತ್ತದೆ, ಆಮೇಲೆ ಮನುಷ್ಯ. ನಾನು ಅಲ್ಲಿದ್ದಾಗ ಒಬ್ಬ ಹೆಂಗಸು ತೋಟದಲ್ಲಿ ಮಂಗ ಸತ್ತು ಬಿದ್ದಿದೆ ಎಂದು ಹೇಳಲು ಬಂದಳು. ನೋಡಿ ಮೂರು ದಿನವಾಗಿತ್ತು. "ಹೇಳಿದ್ರೆ ತ್ವಾಟಕ್ಕೆ ಹೋಗಬ್ಯಾಡ ಅಂತೀರಿ, ಅಡಿಕೆ ಕುಯ್ಯೋದು ಯಾರು?" ಅಂದಳು. ಬೈಯಲು ಬಾಯಿ ಬರಲಿಲ್ಲ. ಮುಂದಿನ ಸಲ ಎರಡನೇ ದಿನವೇ ಬಂದಳು, ಏಕೆಂದರೆ ಮೊದಲ ಸಲ ನಾವು ದಾರಿ ಮುಚ್ಚದೆ ಪುಡಿ ಸಿಂಪಡಿಸಿ, ಮೈಗೆ ಹಚ್ಚುವ ಎಣ್ಣೆ ಕೊಟ್ಟು ಬಂದಿದ್ದೆವು. ಸುದ್ದಿ ಕೊಟ್ಟವನಿಗೆ ಶಿಕ್ಷೆಯಾಗುವಂತಿದ್ದರೆ ಸುದ್ದಿ ನಿಲ್ಲುತ್ತದೆ, ರೋಗವಲ್ಲ. 1898ರ ಪುಸ್ತಕಗಳಲ್ಲಿ ಆದದ್ದೂ ಇದೇ. ಇಲಿಗೆ ಬಹುಮಾನ ಇಟ್ಟ ಕಡೆ ತಿರುವುಮುರುವು: 1902ರ ಹನೋಯ್‌ನಲ್ಲಿ ಬಾಲ ತಂದರೆ ಕಾಸು ಎಂದಾಗ ಬಾಲವಿಲ್ಲದ ಜೀವಂತ ಇಲಿಗಳು ಊರಲ್ಲಿ ಓಡಾಡತೊಡಗಿದವು!

ಮನೆ ಬಿಡುವುದೇನೂ ಸುಖದ ದಾರಿಯಾಗಿರಲಿಲ್ಲ. ಬಿಟ್ಟ ಮನೆಗೆ ಕಳ್ಳರು, ಕೂಲಿ ಹೋಯಿತು, ಕೂಸುಗಳಿಗೆ ಚಳಿ. ದವಸದ ಮೂಟೆ, ಬಟ್ಟೆಯ ಗಂಟು ಜೊತೆಗೆ ಒಯ್ದವರು ಚಿಗಟವನ್ನೂ ಒಯ್ದರು. ಚಿಕ್ಕಪೇಟೆಯಂಥ ವ್ಯಾಪಾರದ ಬೀದಿಗೆ ಇದೇ ದೊಡ್ಡ ಕುತ್ತು, ಅಲ್ಲಿಗೆ ಮೂಟೆಗಳು ಬರುತ್ತಲೇ ಇದ್ದವು. ಉಳ್ಳವರಿಗೆ ಮಾತ್ರ ಕಾಯಂ ದಾರಿ ಸಿಕ್ಕಿತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಪ್ಲೇಗಿನ ಆ ವರ್ಷಗಳಲ್ಲಿ, ಅಗಲ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸುವವರು ಓಡಾಡಲು ಕನ್ಸರ್ವೆನ್ಸಿ ಸಂದಿ ಇಟ್ಟುಕೊಂಡು. ಇಕ್ಕಟ್ಟಿನ ಪೇಟೆಯಲ್ಲಿ ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಬೆಂಗಳೂರಿನಲ್ಲಿ ಆ ಗುಡಿಗಳು ಇನ್ನೂ ಇವೆ.

ಸೂಜಿಯ ಕಥೆ. ಇಲ್ಲಿ ಸುಳ್ಳು, ನಿಜ ಎರಡೂ ಹೆಣೆದುಕೊಂಡಿವೆ.

ವಾಲ್ಡೆಮಾರ್ ಹಾಫ್ಕಿನ್ ಎಂಬ ರೋಗಾಣು ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಕಾಯಿಸಿ ಕೊಂದ ರೋಗಾಣುವಿನ ಲಸಿಕೆ ಅದು. ರೋಗ ಬರುವ ಸಂಭವ ಇಳಿಸುತ್ತಿತ್ತು, ಸಾವಿನ ಸಂಭವವನ್ನು ಇನ್ನಷ್ಟು ಇಳಿಸುತ್ತಿತ್ತು, ಪೂರ್ತಿ ತಡೆಯುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಚುಚ್ಚಿದ ಮೇಲೆ ತೋಳು ಊದಿ ಒಂದೆರಡು ದಿನ ಜೋರು ಜ್ವರ ಬರುತ್ತಿತ್ತು. ಅದೇ ಹೊತ್ತಿಗೆ ಪ್ಲೇಗೂ ಶುರುವಾದರೆ, ಮನೆಯವರ ಕಣ್ಣಿಗೆ ಕಾಣುವುದು ಒಂದೇ: ಸೂಜಿ, ಜ್ವರ, ಸಾವು. ಅಣ್ಣ ಸತ್ತ ಮೇಲೆ ಹೆದರಿ ತಮ್ಮನಿಗೆ ಚುಚ್ಚಿಸಿದ್ದರೆ, ಅಷ್ಟು ಹೊತ್ತಿಗೆ ಚಿಗಟ ಅವನನ್ನೂ ಕಚ್ಚಿ ಆಗಿತ್ತು. ಲಸಿಕೆ ಕೆಲಸ ಮಾಡಲು ದಿನಗಳು ಬೇಕು, ಅವನಲ್ಲಿ ಅಷ್ಟು ದಿನ ಉಳಿದಿರಲಿಲ್ಲ. ನಿಮ್ಮ ಮನೆಯ ಕಥೆ ಹುಟ್ಟಿದ್ದು ಹೀಗೆ ಎಂದು ನನ್ನ ಊಹೆ.

ಸೂಜಿಯಿಂದ ಜನ ಸತ್ತದ್ದೂ ಉಂಟು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಲಸಿಕೆ ಹಾಕಿದರು. ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್ಕಿನ್ ಪ್ರಯೋಗಾಲಯದ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ದೂರವಿಟ್ಟರು. ಸೀಸೆ ತೆರೆದ ಜಾಗದಲ್ಲೇ ಸೋಂಕು ಸೇರಿತ್ತೆಂಬ ವಾದವನ್ನು, ಮಲೇರಿಯಾ ಹರಡುವುದು ಸೊಳ್ಳೆ ಎಂದು ತೋರಿಸಿದ ರೊನಾಲ್ಡ್ ರಾಸ್‌ರಂಥವರು ಎತ್ತಿಹಿಡಿದ ಮೇಲೆ, 1907ರಲ್ಲಿ ಹಾಫ್ಕಿನ್ ಹೆಸರಿನ ಕಳಂಕ ಹೋಯಿತು. ನಿಮ್ಮವರು ಸತ್ತದ್ದು ಮುಲ್ಕೋವಾಲ್ ಆಗಿ ಒಂದು ವರ್ಷಕ್ಕೆ. 'ಸೂಜಿ ಕೊಲ್ಲುತ್ತದೆ' ಎಂಬ ಮಾತು ಆಗ ಬಿಸಿಯಾಗಿಯೇ ಇತ್ತು. ಆದರೆ ಧನುರ್ವಾಯು ಬಚ್ಚಿಡುವ ಕಾಯಿಲೆಯಲ್ಲ. ದವಡೆ ಕಚ್ಚಿ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಅಂಥದ್ದೇನಾದರೂ ಆಗಿದ್ದರೆ ನಿಮ್ಮ ಮನೆಯ ಕಥೆಯಲ್ಲಿ ಆ ವಿವರ ಉಳಿಯದೆ ಇರುತ್ತಿರಲಿಲ್ಲ.

ಆಗ ದುಡಿದವರೆಲ್ಲ ಕೋಲು ಹಿಡಿದ ಸಿಪಾಯಿಗಳೇ ಅಲ್ಲ. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದೆ ಮೈಸೂರು ಸರ್ಕಾರದ ಸೇವೆಗೆ ಬಂದಿದ್ದ ಡಾ. ಪಿ. ಪಲ್ಪು 1898ರಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರಗಳಲ್ಲಿ ದುಡಿದರು. ಮುಂದೆ ಕೇರಳದ ಸಮಾಜ ಸುಧಾರಣೆಯಲ್ಲಿ ಅವರದು ದೊಡ್ಡ ಹೆಸರು. ನಮ್ಮೂರು ಮಾತ್ರ ಅವರನ್ನು ಮರೆತಿದೆ.

ಈಗ ಉಗ್ರಾಣ. ಮುಚ್ಚಿಯೇ ಇಡುವುದು ಒಂದು ದಾರಿ, ಅತ್ತೆಯವರಿಗೂ ಸಮಾಧಾನ. ಆದರೆ ಮಣ್ಣಿನ ಗೋಡೆಗೆ ನೂರಿಪ್ಪತ್ತು ವರ್ಷದ ಮಳೆಯ ಸೋರಿಕೆ, ತೊಲೆಗೆ ಗೆದ್ದಲು, ಒಳಗೆ ಇವತ್ತಿನ ಇಲಿಗಳು. ಪಕ್ಕದ ಕೋಣೆ ರಿಪೇರಿ ಮಾಡುವಾಗ ಇದು ಕುಸಿದರೆ ಪ್ಲೇಗಿಗಿಂತ ದೊಡ್ಡ ಅನಾಹುತ. ಬಾಗಿಲು ಒಡೆದು ಒಂದೇ ದಿನದಲ್ಲಿ ಗುಡಿಸಿ ಮುಗಿಸುವುದು ಮೇಸ್ತ್ರಿಗಳ ದಾರಿ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಒಣ ಧೂಳಿನಲ್ಲಿ ಇಲಿ ಹಿಕ್ಕೆ, ಬಾವಲಿ ಹಿಕ್ಕೆ ಇರುತ್ತದೆ. ಬಾವಲಿಯ ಹಿಕ್ಕೆಯಲ್ಲಿ ಬೆಳೆಯುವ ಒಂದು ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಲ್ಲದು. ತೇವವಿದ್ದ ಕಡೆ ಇಲಿ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಬರಬಹುದು. ಇಂದು ನಾವು 'ಇಲಿ ಜ್ವರ' ಎನ್ನುವುದು ಇದನ್ನೇ. ಇದಕ್ಕೂ ಪ್ಲೇಗಿಗೂ ನೆಂಟಸ್ತನವಿಲ್ಲ, ಹೆಸರು ಕೇಳಿ ಅತ್ತೆಯವರು ಗಾಬರಿಯಾಗದಿರಲಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಒಬ್ಬ ಇಂಜಿನಿಯರಿಗೆ ಹೊರಗಿನಿಂದ ಗೋಡೆ ತೋರಿಸುತ್ತಿದ್ದೆ. ಸರಿ ಎಂದರೆ ಮೇಲಿಂದ ನಾಲ್ಕು ಸಾಲು ಹೆಂಚು ತೆಗೆಸಿ, ಬಾಗಿಲು ತೆರೆದು, ಎರಡು ದಿನ ಬೆಳಕು ಗಾಳಿ ಆಡಲು ಬಿಡುತ್ತಿದ್ದೆ. ಹಾವು ಚೇಳು ಇದ್ದರೆ ಅವಕ್ಕೂ ಹೊರಡಲು ಸಮಯ ಬೇಕು. ಆಮೇಲೆ ಒಳಗೆ ಹೋಗುವವರು ಎನ್95 ಮಾಸ್ಕ್, ರಬ್ಬರ್ ಕೈಗವಸು, ಮುಚ್ಚಿದ ಬೂಟು ಹಾಕಲಿ. ಕಾಲಲ್ಲಿ ಗಾಯವಿದ್ದವರು ಬೇಡ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ನೆಲದ ಹಿಕ್ಕೆಯ ಮೇಲೆ ಚಿಮುಕಿಸಿ, ಅರ್ಧ ಗಂಟೆ ನೆನೆದ ಮೇಲೆ ಒರೆಸಿ ತೆಗೆಯಬೇಕು. ಒಣ ಪೊರಕೆ ಮುಟ್ಟಲೇಬಾರದು. ಹಳೇ ಗೋಣಿಚೀಲಗಳನ್ನು ಗಲ್ಲಿಯಲ್ಲಿ ಸುಡಬೇಡಿ, ಕಟ್ಟಿ ಸಾಗಿಸಿ. ಕೆಲಸ ಮಾಡಿದವರಿಗೆ ಮೂರು ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ 'ಹಳೇ ಕೋಣೆ ಗುಡಿಸಿದ್ದೆ' ಎಂಬ ಮಾತನ್ನೇ ಮೊದಲು ಹೇಳಲಿ. ಅದೊಂದು ವಾಕ್ಯ ಅವರಿಗೆ ಹತ್ತು ಪರೀಕ್ಷೆ ಉಳಿಸುತ್ತದೆ.

ಪ್ಲೇಗ್ ಪೂರ್ತಿ ಹೋಯಿತೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ ರೋಗ ಅದು. 1966ರಲ್ಲಿ ಕರ್ನಾಟಕದಲ್ಲಿ ಕಂಡ ಪ್ರಕರಣದ ನಂತರ ಸುಮ್ಮನಿದ್ದು, 1994ರಲ್ಲಿ ಬೀಡ್ ಮತ್ತು ಸೂರತ್ತಿನಲ್ಲಿ ಮತ್ತೆ ತಲೆಯೆತ್ತಿತು. ಈಗ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳಿವೆ, ಬೇಗ ಕೊಟ್ಟರೆ ಗುಣವಾಗುತ್ತದೆ. ಕೋಲಾರದ ಗಡಿ ಸೀಮೆಯ ಹಳೆಯ ನೆಲೆಗಳಲ್ಲಿ ಇಲಿಗಳನ್ನು ಹಿಡಿದು ಪರೀಕ್ಷಿಸುವ ಪ್ಲೇಗ್ ಕಣ್ಗಾವಲು ಘಟಕವೊಂದು ಬೆಂಗಳೂರಿನಲ್ಲೇ ಇದೆ. ಅಂದರೆ ಇಲಿ ಬಿತ್ತೇ ಎಂದು ನೋಡುವ ಕೆಲಸ ಸರ್ಕಾರವೂ ಕಲಿಯಿತು. ವಿಷ ಇಡದೆಯೂ ನಿಮ್ಮ ಬೀದಿಯಲ್ಲಿ ಇಲಿಗಳು ಸಾಲಾಗಿ ಸತ್ತು ಬೀಳುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಅತ್ತೆಯವರಿಗೆ ಏನು ಹೇಳುವುದು? 'ನಿಮ್ಮದು ಮೂಢನಂಬಿಕೆ' ಎನ್ನಬೇಡಿ, ಅದು ಸುಳ್ಳು. ಇಲಿ ಬಿದ್ದ ಕೋಣೆಗೆ ಹೋಗಬೇಡ ಎಂದ ಅವರ ಅಜ್ಜಿ ಆ ವರ್ಷ ಪ್ಲೇಗ್ ಅಧಿಕಾರಿಗಳಿಗಿಂತ ಸರಿಯಾಗಿದ್ದರು, ಬಹುಶಃ ಉಳಿದವರು ಬದುಕಿದ್ದೂ ಅದರಿಂದಲೇ. ಆ ಕಟ್ಟಪ್ಪಣೆಯ ಅವಧಿ ಮುಗಿದಿದೆ ಎಂದಷ್ಟೇ ಹೇಳಿ. ಬಾಗಿಲು ತೆರೆಯುವ ಮೊದಲು ಅವರು ದೀಪ ಹಚ್ಚಬೇಕೆಂದರೆ ಹಚ್ಚಲಿ.

ಒಳಗೆ ಟ್ರಂಕು ಇದ್ದರೆ ಬ್ಲೀಚ್ ನೀರು ಅದಕ್ಕೆ ತಾಗದಂತೆ ಮೊದಲೇ ಹೊರಗೆ ತೆಗೆಯಿಸಿ, ಬಿಸಿಲಿನಲ್ಲಿಡಿ, ಕಾಗದಗಳನ್ನು ಕೈಗವಸು ಹಾಕಿ ಬಿಡಿಸಿ. ಪ್ಲೇಗ್ ಪಾಸೋ, ಚುಚ್ಚಿಸಿಕೊಂಡ ಚೀಟಿಯೋ ಇದ್ದರೆ ತಾರೀಖು ನೋಡಿ. ಕಿರಿಯವನ ಹೆಸರಿನ ಚೀಟಿ ಸಿಕ್ಕಿ, ಅದರ ಮೇಲಿನ ದಿನಾಂಕ ಅಣ್ಣ ಸತ್ತ ನಂತರದ್ದಾಗಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.